ತೂಕ ಬರೋಬ್ಬರಿ, ಗಾಡಿ ನಂಬರ್ ಬೇರೆ: ಎರಡು ಪ್ರೋಸೆಸ್‌ಗಳ ನಡುವಿನ ಮೆಮೊರಿ

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನ ವೇಬ್ರಿಜ್‌ನಿಂದ ಮಾತು ಶುರು ಮಾಡುತ್ತೇನೆ ಅಂದಾಗ ರಾಯಚೂರಿನ ಆ ಕಾಲೇಜಿನ ಸಭಾಂಗಣದಲ್ಲಿ ಹಿಂದಿನ ಸಾಲಿನ ಹುಡುಗರು ತಲೆ ಎತ್ತಿದರು. ಅವರಲ್ಲಿ ಬಹಳ ಮಂದಿ ಭತ್ತ ಬೆಳೆಯುವ ಮನೆಯವರು, ವೇಬ್ರಿಜ್ ಪಕ್ಕದಲ್ಲಿ ಅಪ್ಪನ ಜೊತೆ ಚೀಟಿಗಾಗಿ ಕಾದವರು. ಅಂದು ಆಡಿದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನು ಸೇರಿಸಿದ್ದೇನೆ.

ಆ ವೇಬ್ರಿಜ್‌ನ ಸಾಫ್ಟ್‌ವೇರ್ ಬರೆದವನು ನಾನು. ಸುಗ್ಗಿಯ ದಿನಗಳು, ಗೇಟಿನಿಂದ ರಸ್ತೆಯವರೆಗೆ ಸೋನಾ ಮಸೂರಿ ತುಂಬಿದ ಲಾರಿಗಳ ಸಾಲು. ಒಬ್ಬ ಡ್ರೈವರ್ ಚೀಟಿ ತೆಗೆದುಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ಏನ್ರೀ ಸರ, ತೂಕ ಬರೋಬ್ಬರಿ ಐತಿ, ಗಾಡಿ ನಂಬರ್ ನಂದಲ್ಲ. ನಂದು ಮೂವತ್ತಾರ್ ಪಾಸಿಂಗ್, ಚೀಟಿ ಮ್ಯಾಲೆ ಮೂವತ್ತೇಳ್ ಬಿದ್ದೈತಿ." ಗುಮಾಸ್ತರು ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ತೂಕ ಈ ಲಾರಿಯದೇ. ನಂಬರ್ ಮಾತ್ರ ಸ್ವಲ್ಪ ಹೊತ್ತಿನ ಮುಂಚೆ ಇಳಿದುಹೋದ ಕೊಪ್ಪಳದ ಲಾರಿಯದು. ಆ ಡ್ರೈವರ್ ಚೀಟಿಯನ್ನು ಓದದೆ ಜೇಬಿಗೆ ಇಳಿಸಿದ್ದರೆ ಒಬ್ಬ ರೈತನ ಭತ್ತ ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತಿತ್ತು. ಎರಡು ತಿಂಗಳಲ್ಲಿ ಹೀಗೆ ಮೂರು ಸಲ ಆಯಿತು. ಅದು ನನ್ನ ಕೋಡ್‌ನ ತಪ್ಪು. ಅದನ್ನು ಹುಡುಕಲು ಹೋಗಿಯೇ ನಾನು ಈ ವಿಷಯವನ್ನು ಸರಿಯಾಗಿ ಕಲಿತದ್ದು.

ಅಲ್ಲಿ ಮೂರು ಪ್ರೋಗ್ರಾಮ್‌ಗಳಿದ್ದವು. ಒಂದು ಸೀರಿಯಲ್ ಪೋರ್ಟ್‌ನಿಂದ ತೂಕ ಓದುತ್ತಿತ್ತು. ಎರಡನೆಯದು ಪರದೆ ಮೇಲೆ ತೋರಿಸಿ ಚೀಟಿ ಮುದ್ರಿಸುತ್ತಿತ್ತು. ಮೂರನೆಯದು ಲೆಕ್ಕದ ಕಡತಕ್ಕೆ ಬರೆಯುತ್ತಿತ್ತು. ಒಂದೇ ಪ್ರೋಗ್ರಾಮ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡಾಗ ಪ್ರಿಂಟರ್ ನಡೆಸುವ ಡ್ರೈವರ್ ಸಾಫ್ಟ್‌ವೇರ್ ಇಡೀ ಪ್ರೋಸೆಸ್ ಅನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮ್ ಅನ್ನು, ಹಿಡಿದು ನಿಲ್ಲಿಸಿಬಿಡುತ್ತದೆ, ಆ ಹೊತ್ತಿನಲ್ಲೂ ತೂಕ ಓದುವುದು ನಿಲ್ಲಬಾರದು. ಬೇರೆ ಬೇರೆ ಪ್ರೋಸೆಸ್ ಆದರೆ ಒಂದು ಬಿದ್ದರೂ ಉಳಿದವು ನಿಂತಿರುತ್ತವೆ. ಆದರೆ ಆಪರೇಟಿಂಗ್ ಸಿಸ್ಟಮ್ ಪ್ರತಿ ಪ್ರೋಸೆಸ್‌ಗೂ ಅದರದೇ ಮೆಮೊರಿ ಕೊಟ್ಟು ನಡುವೆ ಗೋಡೆ ಕಟ್ಟಿರುತ್ತದೆ. ಆ ಗೋಡೆಯಲ್ಲಿ ಬೇಕೆಂದೇ ತೆರೆದ ಕಿಂಡಿಯೇ ಶೇರ್ಡ್ ಮೆಮೊರಿ. ಒಂದೇ ಭೌತಿಕ ಪುಟ ಎರಡು ಪ್ರೋಸೆಸ್‌ಗಳ ವಿಳಾಸಗಳಲ್ಲಿ ಕಾಣಿಸಿಕೊಳ್ಳುತ್ತದೆ. ಈ ಕಡೆ ಬರೆದದ್ದು ನಕಲಾಗದೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕದ ತಟ್ಟದೆ, ಆ ಕಡೆ ಸಿಗುತ್ತದೆ.

ಮೊದಲ ಮಿಲ್ಲಿನಲ್ಲಿ ವಿಂಡೋಸ್ ಇತ್ತು. ಆಮೇಲೆ ಸಿಂಧನೂರಿನ ಇನ್ನೊಂದು ಮಿಲ್ಲಿನವರು ಲಿನಕ್ಸ್ ಬೇಕೆಂದರು. ಒಂದೇ ಸಿ ಕೋಡ್ ಎರಡೂ ಕಡೆ ಓಡಬೇಕು ಎಂಬ ಹಟ ನನಗೆ ಆಗಲೇ ಬಂದದ್ದು.

ಸಿ ಭಾಷೆಯ ಮಾನಕಕ್ಕೆ ಪ್ರೋಸೆಸ್‌ಗಳ ನಡುವಿನ ಮೆಮೊರಿ ಎಂಬುದೇ ಗೊತ್ತಿಲ್ಲ. 2011ರ ಆವೃತ್ತಿಯಲ್ಲಿ ಒಂದೇ ಪ್ರೋಸೆಸ್ ಒಳಗೆ ಜೊತೆಜೊತೆಗೆ ಓಡುವ ಥ್ರೆಡ್‌ಗಳು ಬಂದವು, ನಡುವೆ ತುಂಡಾಗದೆ ಒಂದೇ ಏಟಿಗೆ ಓದಿ ಬರೆಯುವ ಅಟಾಮಿಕ್‌ಗಳು ಬಂದವು, ಆದರೆ ಅಲ್ಲಿನ ಮ್ಯೂಟೆಕ್ಸ್ ಅನ್ನು, ಅಂದರೆ ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಬೀಗವನ್ನು, ಪ್ರೋಸೆಸ್‌ಗಳ ನಡುವೆ ಹಂಚಿಕೊಳ್ಳುವ ಆಯ್ಕೆ ಇಲ್ಲ. ಹಾಗಾಗಿ ನಾವು ಆಪರೇಟಿಂಗ್ ಸಿಸ್ಟಮ್‌ನ ಬಾಗಿಲಿಗೇ ಹೋಗಬೇಕು. ಅಲ್ಲಿ ಮೂರು ದಾರಿಗಳಿವೆ.

ಹಳೆಯದು 1983ರ ಯುನಿಕ್ಸ್ ಸಿಸ್ಟಮ್ ಫೈವ್‌ನ ದಾರಿ. ಒಂದು ಸಂಖ್ಯೆಯನ್ನು ಕೀಲಿಯಾಗಿ ಕೊಟ್ಟು ಎಸ್‌ಎಚ್‌ಎಂಗೆಟ್ ಕರೆದರೆ ಮೆಮೊರಿಯ ಒಂದು ತುಂಡು ಸಿಗುತ್ತದೆ, ಎಸ್‌ಎಚ್‌ಎಂಆಟ್ ಕರೆದರೆ ಅದು ನಮ್ಮ ವಿಳಾಸಗಳಿಗೆ ಅಂಟುತ್ತದೆ. ಬಳಸುವವರೆಲ್ಲ ಸತ್ತರೂ ತುಂಡು ಸಾಯುವುದಿಲ್ಲ, ಯಾರಾದರೂ ಅಳಿಸಬೇಕು. ಐಪಿಸಿಎಸ್ ಆದೇಶ ಕೊಟ್ಟು ನೋಡಿದರೆ ಯಾವುದೋ ಕಾಲದ ಅನಾಥ ತುಂಡುಗಳು ಸಾಲಾಗಿ ಬಿದ್ದಿರುವುದು ಕಾಣುತ್ತದೆ. ಹೊಸ ಕೆಲಸಕ್ಕೆ ನಾನು ಇದನ್ನು ಹಿಡಿಯುವುದಿಲ್ಲ.

ಎರಡನೆಯದು 1993ರಲ್ಲಿ ಯುನಿಕ್ಸ್ ಬಗೆಯ ಸಿಸ್ಟಮ್‌ಗಳಿಗೆಲ್ಲ ಸಮಾನವಾದ ಪಾಸಿಕ್ಸ್ ಮಾನಕಕ್ಕೆ ಸೇರಿದ ದಾರಿ. ಎಸ್‌ಎಚ್‌ಎಂ_ಓಪನ್ ಹೆಸರು ಕೇಳುತ್ತದೆ, ತೆರೆದ ಫೈಲಿನ ಗುರುತಿನ ಸಂಖ್ಯೆಯಾದ ಫೈಲ್ ಡಿಸ್ಕ್ರಿಪ್ಟರ್ ಕೊಡುತ್ತದೆ. ಎಫ್‌ಟ್ರಂಕೇಟ್‌ನಿಂದ ಅಳತೆ ಹೇಳಿ, ಎಂಮ್ಯಾಪ್‌ನಿಂದ ತಂದುಕೊಳ್ಳಬೇಕು. ಹೆಸರಿನ ಮೊದಲಿಗೆ ಒಂದೇ ಒಂದು ಓರೆಗೆರೆ ಇರಲಿ, ಮುಂದೆ ಇನ್ನೊಂದು ಬೇಡ. ಹೆಸರು ಚಿಕ್ಕದಿರಲಿ, ಮ್ಯಾಕ್‌ನಲ್ಲಿ 31 ಅಕ್ಷರ ದಾಟುವಂತಿಲ್ಲ. ಅಲ್ಲಿ ಎಫ್‌ಟ್ರಂಕೇಟ್ ಕೂಡ ಒಂದು ತುಂಡಿಗೆ ಒಂದೇ ಸಲ ನಡೆಯುತ್ತದೆ, ಆಮೇಲೆ ಹಿಗ್ಗಿಸಲು ಹೋದರೆ ದೋಷ ಬರುತ್ತದೆ. ಆದ್ದರಿಂದ ಎಷ್ಟು ಬೇಕೋ ಅಷ್ಟನ್ನು ಮೊದಲೇ ಕೇಳಿಕೊಳ್ಳಿ. ಲಿನಕ್ಸ್‌ನಲ್ಲಿ ಈ ತುಂಡುಗಳು ಡೆವ್ ಡೈರೆಕ್ಟರಿಯ ಎಸ್‌ಎಚ್‌ಎಂ ಒಳಗೆ ಫೈಲ್‌ಗಳಂತೆ ಕಾಣುತ್ತವೆ, ಎಲ್‌ಎಸ್ ಕೊಟ್ಟು ಕಣ್ಣಾರೆ ನೋಡಬಹುದು. ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದರೆ ಎಲ್ಲವೂ ಖಾಲಿ. ಪ್ರೋಗ್ರಾಮ್ ಮಾತ್ರ ಬಿದ್ದು ಯಂತ್ರ ನಡೆಯುತ್ತಿದ್ದರೆ ಹಳೆಯ ತುಂಡು ಹಳೆಯ ತೂಕವನ್ನು ಹೊತ್ತುಕೊಂಡು ಅಲ್ಲೇ ಇರುತ್ತದೆ.

ವಿಂಡೋಸ್‌ನಲ್ಲಿ ಕ್ರಿಯೇಟ್‌ಫೈಲ್‌ಮ್ಯಾಪಿಂಗ್, ಮ್ಯಾಪ್‌ವ್ಯೂಆಫ್‌ಫೈಲ್. ಕೆಲಸ ಅದೇ, ಆಯುಷ್ಯ ಬೇರೆ. ನಮ್ಮ ಫೈಲ್ ಯಾವುದೂ ಇಲ್ಲದೆ ವಿಂಡೋಸ್‌ನ ಪೇಜ್‌ಫೈಲ್ ಮೇಲೆ ನಿಂತ ತುಂಡು, ತೆರೆದವರು ಹಿಡಿದ ಕೊನೆಯ ಹ್ಯಾಂಡಲ್ ಮುಚ್ಚಿ, ಅಂಟಿಸಿಕೊಂಡ ಕೊನೆಯ ವ್ಯೂ ಕಳಚಿದ ಕೂಡಲೇ ತಾನಾಗಿ ಮಾಯವಾಗುತ್ತದೆ. ಒಂದು ಕಡೆ ಅಳಿಸದಿದ್ದರೆ ಉಳಿಯುತ್ತದೆ, ಇನ್ನೊಂದು ಕಡೆ ಹಿಡಿದುಕೊಳ್ಳದಿದ್ದರೆ ಹೋಗುತ್ತದೆ. ಎರಡೂ ಕಡೆ ಓಡುವ ಕೋಡ್ ಬರೆಯುವವರು ಕರೆಗಳ ಹೆಸರಿಗಿಂತ ಮೊದಲು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನನಗೆ ಅಲ್ಲಿ ಇನ್ನೂ ಒಂದು ಪೆಟ್ಟು ಬಿತ್ತು. ತೂಕ ಓದುವ ಪ್ರೋಗ್ರಾಮ್ ಅನ್ನು ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ವಿಂಡೋಸ್ ಸರ್ವಿಸ್ ಮಾಡಿದ್ದೆ. ವಿಸ್ಟಾದಿಂದ ಈಚೆಗೆ ಸರ್ವಿಸ್‌ಗಳು ಸೊನ್ನೆಯ ಸೆಷನ್‌ನಲ್ಲಿ ಇರುತ್ತವೆ, ಗುಮಾಸ್ತರು ಲಾಗಿನ್ ಆದ ಸೆಷನ್ ಬೇರೆ. ಎರಡೂ ಅದೇ ಹೆಸರು ಹೇಳಿ ಎರಡು ಬೇರೆ ತುಂಡುಗಳನ್ನು ಹಿಡಿದು ಕೂತಿದ್ದವು. ಹೆಸರಿನ ಮುಂದೆ ಗ್ಲೋಬಲ್ ಎಂಬ ಪೂರ್ವಪದ ಬೇಕಿತ್ತು. ಪರದೆ ಮೇಲೆ ಸೊನ್ನೆ ತೂಕ ನೋಡುತ್ತ ಒಂದು ಇಡೀ ಮಧ್ಯಾಹ್ನ ಹೋಯಿತು.

ಇದಕ್ಕೆ ನಾನು ಮಾಡಿಕೊಂಡ ಏರ್ಪಾಡು ಸರಳ. ಐದೇ ಫಂಕ್ಷನ್‌ಗಳ ಒಂದು ಹೆಡರ್: ತೆರೆ, ಅಂಟಿಸು, ಕಳಚು, ಮುಚ್ಚು, ಅಳಿಸು. ಅದರ ಹಿಂದೆ ಎರಡು ಸಿ ಫೈಲ್‌ಗಳು, ಒಂದು ಪಾಸಿಕ್ಸ್‌ಗೆ, ಇನ್ನೊಂದು ವಿಂಡೋಸ್‌ಗೆ. ಯಾವುದು ಬೇಕೋ ಅದನ್ನು ಬಿಲ್ಡ್ ಆರಿಸಿಕೊಳ್ಳುತ್ತದೆ. ಕೋಡ್‌ನ ನಡುನಡುವೆ, ಯಾವ ಸಿಸ್ಟಮ್ ಎಂದು ನೋಡಿ ಸಾಲುಗಳನ್ನು ಆರಿಸುವ ಇಫ್‌ಡೆಫ್ ಬಿತ್ತಿದರೆ ಆರು ತಿಂಗಳಿಗೆ ಯಾವ ಸಾಲು ಎಲ್ಲಿ ಓಡುತ್ತದೆ ಎಂದು ಬರೆದವರಿಗೇ ತಿಳಿಯುವುದಿಲ್ಲ. ವಿಂಡೋಸ್ ಕಡೆ ಅಳಿಸು ಎಂಬುದು ಏನೂ ಮಾಡುವುದಿಲ್ಲ, ಆದರೂ ಕರೆಯುವವರು ಕರೆಯಲೇಬೇಕು ಎಂದು ನಿಯಮ ಇಟ್ಟಿದ್ದೇನೆ.

ತೆರೆಯುವ ಕೆಲಸದಲ್ಲೇ ಒಂದು ಹಳ್ಳ ಇದೆ. ಎರಡು ಪ್ರೋಗ್ರಾಮ್‌ಗಳು ಒಟ್ಟಿಗೆ ಎದ್ದವು ಎಂದುಕೊಳ್ಳಿ. ಮೊದಲನೆಯದು ತುಂಡನ್ನು ಹುಟ್ಟಿಸಿತು, ಅಳತೆ ಕೊಡುವ ಮುಂಚೆಯೇ ಎರಡನೆಯದು ಒಳಗೆ ಬಂತು. ಆಗ ತುಂಡಿನ ಅಳತೆ ಸೊನ್ನೆ. ಎಂಮ್ಯಾಪ್ ಸುಮ್ಮನೆ ಒಪ್ಪಿಕೊಳ್ಳುತ್ತದೆ, ಮೊದಲ ಬೈಟ್ ಮುಟ್ಟಿದ ಕ್ಷಣ ಸಿಗ್‌ಬಸ್ ಎಂಬ ದೋಷದ ಸಂಕೇತ ಬಂದು ಪ್ರೋಸೆಸ್ ಸಾಯುತ್ತದೆ. ಇದನ್ನು ತಪ್ಪಿಸಲು ಹುಟ್ಟಿಸುವವರು ಓ_ಕ್ರಿಯೇಟ್ ಜೊತೆಗೆ ಓ_ಎಕ್ಸ್‌ಕ್ಲ್ ಹಾಕಬೇಕು, ಆಗ ಆ ಹೆಸರಿನ ತುಂಡು ಮೊದಲೇ ಇದ್ದರೆ ಕರೆ ಸೋಲುತ್ತದೆ. ಗೆದ್ದವರು ಒಬ್ಬರೇ, ಅವರೇ ಒಡೆಯರು. ಸೋತವರು ಸಾಮಾನ್ಯ ರೀತಿಯಲ್ಲಿ ತೆರೆದು, ಎಫ್‌ಸ್ಟ್ಯಾಟ್‌ನಲ್ಲಿ ಬೇಕಾದಷ್ಟು ಅಳತೆ ಕಾಣುವವರೆಗೆ ಕಾಯಬೇಕು. ಆಮೇಲೂ ಒಳಗಿನದ್ದನ್ನು ನಂಬುವಂತಿಲ್ಲ. ತುಂಡಿನ ಮೊದಲ ಪದವನ್ನು ಗುರುತಿನ ಅಂಕಿಗೆ ಮೀಸಲಿಡಿ. ಹೊಸ ತುಂಡು ಸೊನ್ನೆಗಳಿಂದ ತುಂಬಿರುತ್ತದೆ ಎಂಬ ಭರವಸೆ ಎರಡೂ ಕಡೆ ಇದೆ. ಒಡೆಯರು ಉಳಿದೆಲ್ಲವನ್ನೂ ಸಿದ್ಧಪಡಿಸಿ, ಕಟ್ಟಕಡೆಗೆ ಗುರುತಿನ ಅಂಕಿಯನ್ನು ಹಿಂದಿನ ಬರಹಗಳೆಲ್ಲ ಮೊದಲು ಕಾಣುವಂತೆ ಮಾಡುವ ರಿಲೀಸ್ ಕ್ರಮದಲ್ಲಿ ಬರೆಯಬೇಕು. ಇತರರು ಅದನ್ನು, ಮುಂದಿನ ಓದುಗಳು ಮುಂಚೆಯೇ ನಡೆಯದಂತೆ ತಡೆಯುವ ಅಕ್ವೈರ್ ಕ್ರಮದಲ್ಲಿ ಓದಿ, ಅಂಕಿ ಕಂಡ ಮೇಲಷ್ಟೇ ಮುಂದೆ ಹೋಗಬೇಕು.

ಇನ್ನು ಒಳಗೆ ಏನು ಇಡಬೇಕು? ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಇಡಬೇಡಿ. ಅದೇ ತುಂಡು ನನ್ನ ಪ್ರೋಸೆಸ್‌ನಲ್ಲಿ ಒಂದು ವಿಳಾಸಕ್ಕೆ, ನಿಮ್ಮದರಲ್ಲಿ ಇನ್ನೊಂದು ವಿಳಾಸಕ್ಕೆ ಅಂಟಿರುತ್ತದೆ. ನನ್ನ ವಿಳಾಸ ನಿಮಗೆ ಕಸ. ಅಂಟಿಸುವ ವಿಳಾಸವನ್ನೇ ಎಲ್ಲ ಕಡೆ ಒಂದು ಮಾಡಿಬಿಡೋಣ ಎಂಬ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ, ಆ ವಿಳಾಸದಲ್ಲಿ ಬೇರೊಂದು ಲೈಬ್ರರಿ ಬಂದು ಕೂತ ದಿನ ಆಸೆ ಮುಗಿಯುತ್ತದೆ. ತುಂಡಿನ ತಲೆಯಿಂದ ಎಷ್ಟು ಬೈಟ್ ದೂರ ಎಂಬ ಅಂಕಿಯನ್ನು ಇಡಿ, ಓದುವವರು ತಮ್ಮ ತಲೆಯ ವಿಳಾಸ ಕೂಡಿಸಿಕೊಳ್ಳಲಿ.

ಸಿಂಧನೂರಿನಲ್ಲಿ ನಾನು ಎಡವಿದ್ದು ಇನ್ನೂ ಸಣ್ಣ ಕಲ್ಲಿಗೆ. ಅಲ್ಲಿನ ಪ್ರಿಂಟರ್‌ಗೆ ಸಿಕ್ಕ ಲೈಬ್ರರಿ 32 ಬಿಟ್‌ನದು ಮಾತ್ರ, ಹಾಗಾಗಿ ಚೀಟಿಯ ಪ್ರೋಗ್ರಾಮ್ 32 ಬಿಟ್, ತೂಕದ್ದು 64 ಬಿಟ್. ಎರಡೂ ಅದೇ ಇಂಟೆಲ್ ಪಿಸಿಯಲ್ಲಿ, ಅದೇ ಲಿನಕ್ಸ್ ಮೇಲೆ. ಲಾಂಗ್ ಎಂಬ ಪೂರ್ಣಾಂಕದ ಬಗೆ ಒಂದು ಕಡೆ 4 ಬೈಟ್, ಇನ್ನೊಂದು ಕಡೆ 8 ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಎಲ್ಲವನ್ನೂ ನಿಗದಿತ ಅಗಲದ ಯುಇಂಟ್32, ಯುಇಂಟ್64 ಮಾಡಿದ್ದೆ. ಆದರೂ ಚೀಟಿ ಮೇಲೆ ಸಮಯ ಹುಚ್ಚುಹುಚ್ಚಾಗಿ ಬರುತ್ತಿತ್ತು. ಹಲವು ಅಂಕಿಗಳನ್ನು ಒಟ್ಟಿಗೆ ಕಟ್ಟಿದ ಸ್ಟ್ರಕ್ಟ್‌ನಲ್ಲಿ ಮೊದಲು 32 ಬಿಟ್‌ನ ಒಂದು ಎಣಿಕೆ, ಆಮೇಲೆ 64 ಬಿಟ್‌ನ ಸಮಯ ಇತ್ತು. ಲಿನಕ್ಸ್‌ನ 32 ಬಿಟ್ ಇಂಟೆಲ್ ನಿಯಮದಲ್ಲಿ ಸ್ಟ್ರಕ್ಟ್ ಒಳಗಿನ 64 ಬಿಟ್ ಅಂಕಿ 4ರ ಗುಣಕದಲ್ಲಿ ಕೂತರೆ ಸಾಕು, 64 ಬಿಟ್ ನಿಯಮದಲ್ಲಿ 8ರ ಗುಣಕವೇ ಆಗಬೇಕು. ಹಾಗಾಗಿ ಸಮಯ ಒಂದು ಪ್ರೋಗ್ರಾಮ್‌ಗೆ 4ನೇ ಬೈಟ್‌ನಲ್ಲಿ, ಇನ್ನೊಂದಕ್ಕೆ 8ನೇ ಬೈಟ್‌ನಲ್ಲಿ. ನಡುವೆ 4 ಬೈಟ್‌ನ ಖಾಲಿ ಜಾಗವನ್ನು ನಾನೇ ಹೆಸರಿಟ್ಟು ಬರೆದೆ, ಪ್ರತಿ ಸದಸ್ಯನ ಆಫ್‌ಸೆಟ್ ಅನ್ನೂ ಒಟ್ಟು ಅಳತೆಯನ್ನೂ ಸ್ಟ್ಯಾಟಿಕ್ ಅಸರ್ಟ್ ಹಾಕಿ ಕಟ್ಟಿದೆ. ಈಗ ಲೆಕ್ಕ ತಪ್ಪಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ, ಮಿಲ್ಲಿನವರೆಗೆ ಹೋಗುವುದಿಲ್ಲ. ಗುರುತಿನ ಅಂಕಿಯ ಪಕ್ಕದಲ್ಲಿ ಆವೃತ್ತಿ ಸಂಖ್ಯೆಯನ್ನೂ ಇಟ್ಟೆ. ಒಂದು ಪ್ರೋಗ್ರಾಮ್ ಹೊಸದು, ಇನ್ನೊಂದು ಹಳೆಯದು ಆಗಿ ಉಳಿಯುವ ದಿನ ಬಂದೇ ಬರುತ್ತದೆ.

ಈಗ ಆ ಡ್ರೈವರ್ ಹಿಡಿದು ತಂದ ಚೀಟಿಗೆ ಬರೋಣ. ತೂಕದ ಪ್ರೋಗ್ರಾಮ್ ಮೊದಲು ತೂಕ ಬರೆದು, ಆಮೇಲೆ ಗಾಡಿ ನಂಬರ್ ಬರೆಯುತ್ತಿತ್ತು. ಎರಡರ ನಡುವಿನ ಕಣ್ರೆಪ್ಪೆಯಷ್ಟು ಹೊತ್ತಿನಲ್ಲಿ ಚೀಟಿಯ ಪ್ರೋಗ್ರಾಮ್ ಬಂದು ಓದಿಕೊಂಡು ಹೋಯಿತು. ಹೊಸ ತೂಕ, ಹಳೆಯ ನಂಬರ್. ಮಾರುಕಟ್ಟೆಯಲ್ಲಿ ಕರಿಹಲಗೆ ಮೇಲಿನ ದರ ಅಳಿಸಿ ಬರೆಯುವಾಗ ಅರ್ಧ ಬರೆದದ್ದನ್ನೇ ಓದಿ ಊರಿಗೆ ಫೋನ್ ಮಾಡಿದಂತೆ. ನಾನು ಅಲ್ಲಿ ವೊಲಟೈಲ್ ಎಂದು ಬರೆದು ನಿಶ್ಚಿಂತನಾಗಿದ್ದೆ. ಪುಸ್ತಕ ಓದಿ ಬಂದ ಎಷ್ಟೋ ಮಂದಿ ಇಂದಿಗೂ ಹಾಗೇ ಬರೆಯುತ್ತಾರೆ. ವೊಲಟೈಲ್ ಕಂಪೈಲರ್‌ಗೆ ಹೇಳುವುದು ಈ ಓದು ಬರಹವನ್ನು ಬಿಟ್ಟುಬಿಡಬೇಡ ಎಂದು ಮಾತ್ರ. ಎರಡು ಬರಹಗಳು ಒಟ್ಟಿಗೆ ಕಾಣಲಿ ಎಂದು ಅದು ಹೇಳುವುದಿಲ್ಲ. ಇನ್ನೊಂದು ಸಿಪಿಯುಗೆ ಯಾವ ಕ್ರಮದಲ್ಲಿ ಕಾಣಬೇಕು ಎಂಬುದನ್ನೂ ಹೇಳುವುದಿಲ್ಲ.

ಬರೆಯುವವರು ಒಬ್ಬರೇ, ಓದುವವರು ಹಲವರು ಎಂಬಲ್ಲಿ ಬೀಗವಿಲ್ಲದೆ ನಡೆಯುವ ಒಂದು ವಿಧಾನವಿದೆ, ಸೀಕ್‌ಲಾಕ್ ಎನ್ನುತ್ತಾರೆ. ತುಂಡಿನಲ್ಲಿ ಒಂದು ಎಣಿಕೆ ಇರುತ್ತದೆ. ಬರೆಯುವವರು ಶುರು ಮಾಡುವ ಮುಂಚೆ ಅದಕ್ಕೆ ಒಂದು ಕೂಡಿಸುತ್ತಾರೆ, ಎಣಿಕೆ ಬೆಸವಾಗುತ್ತದೆ. ಓದು ಬರಹಗಳು ಕ್ರಮ ಮೀರದಂತೆ ಬೇಲಿಯಾಗುವ ರಿಲೀಸ್ ಫೆನ್ಸ್ ಹಾಕಿ ತೂಕ, ನಂಬರ್, ಸಮಯ ಎಲ್ಲ ಬರೆದು, ಕೊನೆಗೆ ಮತ್ತೆ ಒಂದು ಕೂಡಿಸಿ ರಿಲೀಸ್ ಕ್ರಮದಲ್ಲಿ ಇಡುತ್ತಾರೆ, ಎಣಿಕೆ ಸಮವಾಗುತ್ತದೆ. ಓದುವವರು ಮೊದಲು ಎಣಿಕೆಯನ್ನು ಅಕ್ವೈರ್ ಕ್ರಮದಲ್ಲಿ ನೋಡುತ್ತಾರೆ. ಬೆಸವಾಗಿದ್ದರೆ ಕಾಯುತ್ತಾರೆ. ಸಮವಾಗಿದ್ದರೆ ಎಲ್ಲವನ್ನೂ ತಮ್ಮ ಕಡೆ ನಕಲು ಮಾಡಿಕೊಂಡು, ಅಕ್ವೈರ್ ಫೆನ್ಸ್ ಹಾಕಿ, ಎಣಿಕೆಯನ್ನು ಮತ್ತೊಮ್ಮೆ ನೋಡುತ್ತಾರೆ. ಬದಲಾಗಿದ್ದರೆ ನಕಲು ಎಸೆದು ಮತ್ತೆ ಮೊದಲಿನಿಂದ. ತೂಕ, ನಂಬರ್‌ಗಳ ಪದಗಳನ್ನೂ ಅಟಾಮಿಕ್ ಮಾಡಿ ಹಿಂದುಮುಂದಿನ ಕಟ್ಟು ಇಲ್ಲದ ರಿಲ್ಯಾಕ್ಸ್ಡ್ ಕ್ರಮದಲ್ಲಿ ಓದಿ ಬರೆಯಬೇಕು, ಇಲ್ಲದಿದ್ದರೆ ಸಿ ಮಾನಕದ ಲೆಕ್ಕದಲ್ಲಿ ಅದು ಒಬ್ಬರು ಬರೆಯುವಾಗಲೇ ಇನ್ನೊಬ್ಬರು ಓದುವ ಡೇಟಾ ರೇಸ್ ಆಗುತ್ತದೆ. ಅಟಾಮಿಕ್‌ಗಳನ್ನು ಪ್ರೋಸೆಸ್‌ಗಳ ನಡುವೆ ಬಳಸಬಹುದೇ ಎಂಬ ಸಂಶಯ ನ್ಯಾಯವಾದದ್ದು. ಬೀಗರಹಿತವಾಗಿ ನಡೆಯುವ ಅಟಾಮಿಕ್ ಕೆಲಸ ವಿಳಾಸವನ್ನೂ ಅವಲಂಬಿಸಬಾರದು ಎಂದು ಮಾನಕ ಶಿಫಾರಸು ಮಾಡುತ್ತದೆ. ಆದ್ದರಿಂದ ಅಟಾಮಿಕ್_ಇಂಟ್_ಲಾಕ್_ಫ್ರೀ ಮ್ಯಾಕ್ರೋದ ಬೆಲೆ 2, ಅಂದರೆ ಯಾವಾಗಲೂ ಬೀಗರಹಿತ ಎಂದು, ಇದೆಯೇ ಎಂದು ಕಂಪೈಲ್ ಹೊತ್ತಿಗೇ ಪರೀಕ್ಷಿಸಿಕೊಳ್ಳಿ. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಸಿ ಅಟಾಮಿಕ್‌ಗಳು ಬಂದದ್ದು ವಿಷುಯಲ್ ಸ್ಟುಡಿಯೋ 2022ರ 17.5 ಆವೃತ್ತಿಯಲ್ಲಿ, ಅದೂ ಪ್ರಾಯೋಗಿಕವಾಗಿ. ಅದಕ್ಕೂ ಮುಂಚೆ ವಿಂಡೋಸ್‌ನದೇ ಇಂಟರ್‌ಲಾಕ್ಡ್ ಫಂಕ್ಷನ್‌ಗಳೇ ಗತಿ.

ಬರೆಯುವವರು ಹಲವರಾದರೆ ಬೀಗ ಬೇಕೇ ಬೇಕು. ಪಾಸಿಕ್ಸ್‌ನಲ್ಲಿ ಪಿಥ್ರೆಡ್ ಮ್ಯೂಟೆಕ್ಸ್ ಅನ್ನು ತುಂಡಿನ ಒಳಗೇ ಇಟ್ಟು ಪ್ರೋಸೆಸ್ ಶೇರ್ಡ್ ಗುಣ ಕೊಡಬೇಕು. ಆ ಗುಣ ಕೊಡದೆ ಇಟ್ಟರೂ ಕೆಲವು ಯಂತ್ರಗಳಲ್ಲಿ ನಡೆದಂತೆ ಕಾಣುತ್ತದೆ, ಅದನ್ನು ನಂಬಬೇಡಿ. ನಿಜವಾದ ಪ್ರಶ್ನೆ ಬೇರೆ ಇದೆ. ನಮ್ಮ ಎಡದಂಡೆ ಕಾಲುವೆಯ ಊರುಗಳವರಿಗೆ ಇದು ಬೇಗ ಅರ್ಥವಾಗುತ್ತದೆ: ತೂಬಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡವರು ಊರು ಬಿಟ್ಟು ಹೋದರೆ ಕೆಳಗಿನ ಹೊಲದವರು ಏನು ಮಾಡಬೇಕು? ಬೀಗ ಹಿಡಿದ ಪ್ರೋಸೆಸ್ ಸತ್ತರೆ ಸಾಮಾನ್ಯ ಮ್ಯೂಟೆಕ್ಸ್ ಹಾಗೇ ಮುಚ್ಚಿರುತ್ತದೆ, ಉಳಿದವರು ಸದಾಕಾಲ ಕಾಯುತ್ತಾರೆ. 2008ರ ಪಾಸಿಕ್ಸ್‌ನಲ್ಲಿ ಇದಕ್ಕೆಂದೇ ರೋಬಸ್ಟ್ ಮ್ಯೂಟೆಕ್ಸ್ ಬಂತು. ಮುಂದೆ ಬೀಗ ಕೇಳಿದವರಿಗೆ ಬೀಗವೂ ಸಿಗುತ್ತದೆ, ಹಿಂದಿನ ಒಡೆಯ ಸತ್ತಿದ್ದಾನೆ ಎಂಬ ಸುದ್ದಿಯೂ ಸಿಗುತ್ತದೆ. ಅವರು ಒಳಗಿನ ಮಾಹಿತಿಯನ್ನು ನೋಡಿ ಸರಿಪಡಿಸಿ, ಸರಿಯಾಗಿದೆ ಎಂದು ಘೋಷಿಸಿ ಮುಂದುವರಿಯಬೇಕು. ಘೋಷಿಸದೆ ಬಿಟ್ಟುಕೊಟ್ಟರೆ ಆ ಬೀಗ ಮತ್ತೆ ಯಾರಿಗೂ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಹೆಸರಿಟ್ಟ ಮ್ಯೂಟೆಕ್ಸ್ ಇದೇ ಸುದ್ದಿಯನ್ನು ಅಬ್ಯಾಂಡನ್ಡ್ ಎಂಬ ಉತ್ತರದಲ್ಲಿ ಕೊಡುತ್ತದೆ. ಮ್ಯಾಕ್‌ನಲ್ಲಿ ರೋಬಸ್ಟ್ ಮ್ಯೂಟೆಕ್ಸ್ ಇಲ್ಲ. ಹೆಸರಿಲ್ಲದ ಸೆಮಫೋರ್ (ಎಣಿಕೆಯಿಂದ ನಡೆಯುವ ಬೀಗ) ಕೂಡ ಅಲ್ಲಿ ನಡೆಯುವುದಿಲ್ಲ.

ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಕಡೆ ನಡೆಯಬೇಕೆಂದರೆ ನನ್ನ ಆಯ್ಕೆ ಇದು: ಬರೆಯುವವರನ್ನು ಒಬ್ಬರಿಗೇ ಇಳಿಸಿ, ಸೀಕ್‌ಲಾಕ್ ಬಳಸಿ. ಬರೆಯುವವರು ನಿಜಕ್ಕೂ ಒಬ್ಬರೇ ಎಂಬುದಕ್ಕೆ ಕಾವಲು ಬೇಕು. ಪಾಸಿಕ್ಸ್ ಕಡೆ ಒಂದು ಸಣ್ಣ ಫೈಲ್ ಮೇಲೆ ಎಫ್‌ಸಿಎನ್‌ಟಿಎಲ್ ಬೀಗ ಹಾಕುತ್ತೇನೆ. ಪ್ರೋಸೆಸ್ ಹೇಗೆ ಸತ್ತರೂ ಕರ್ನಲ್ ಆ ಬೀಗ ಬಿಡಿಸುತ್ತದೆ. ಒಂದೇ ಎಚ್ಚರ, ಅದೇ ಪ್ರೋಸೆಸ್ ಆ ಫೈಲನ್ನು ಇನ್ನೊಮ್ಮೆ ತೆರೆದು ಮುಚ್ಚಿದರೂ ಬೀಗ ಹೋಗುತ್ತದೆ. ಈ ಚಿಂತೆ ನನ್ನೊಬ್ಬನದಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ 2013ರ 9.3 ಆವೃತ್ತಿಯಲ್ಲಿ ತನ್ನ ದೊಡ್ಡ ಮೆಮೊರಿಯನ್ನು ಎಂಮ್ಯಾಪ್‌ಗೆ ಸಾಗಿಸಿತು, ಆದರೂ ಸಿಸ್ಟಮ್ ಫೈವ್‌ನ ಒಂದು ಪುಟ್ಟ ತುಂಡನ್ನು ಬಿಡಲಿಲ್ಲ. ಆ ಹಳೆಯ ದಾರಿಯಲ್ಲಿ ತುಂಡಿಗೆ ಈಗ ಎಷ್ಟು ಪ್ರೋಸೆಸ್‌ಗಳು ಅಂಟಿಕೊಂಡಿವೆ ಎಂದು ಕರ್ನಲ್ ಹೇಳುತ್ತದೆ. ಹಳೆಯ ಪ್ರೋಸೆಸ್ ಒಂದಾದರೂ ಜೀವಂತ ಇದ್ದಾಗ ಹೊಸ ಸರ್ವರ್ ಅದೇ ಡೇಟಾದ ಮೇಲೆ ಏಳದಂತೆ ಅದು ಕಾಯುತ್ತದೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಇಷ್ಟೆಲ್ಲ ಯಾಕ್ರಿ, ಸಾಕೆಟ್ ಇಲ್ಲಾ ಪೈಪ್ ಹಾಕಿದ್ರ ಆಗಂಗಿಲ್ಲೇನ್ರಿ?" ಆಗುತ್ತದೆ, ಸಂದೇಶಗಳನ್ನು ಕರ್ನಲ್ ಮೂಲಕ ಸಾಲಾಗಿ ಸಾಗಿಸುವ ಆ ದಾರಿಗಳೇ ಎಷ್ಟೋ ಕೆಲಸಕ್ಕೆ ಒಳ್ಳೆಯವು ಎಂದೆ. ಸಂದೇಶ ಚಿಕ್ಕದು, ಓದುವವರು ಒಬ್ಬರೇ ಎಂದರೆ ಪೈಪ್ ಹಾಕಿ ನೆಮ್ಮದಿಯಾಗಿರಿ. ಕ್ಯಾಮೆರಾದ ಚಿತ್ರಗಳಂತೆ ದೊಡ್ಡ ಮಾಹಿತಿ ಸತತವಾಗಿ ಹರಿಯುವಾಗ, ಅಥವಾ ಓದುವವರು ಯಾವಾಗ ಬಂದರೂ ಈ ಕ್ಷಣದ ಸ್ಥಿತಿ ಮಾತ್ರ ಬೇಕಾದಾಗ, ಶೇರ್ಡ್ ಮೆಮೊರಿಗೆ ಬೆಲೆ ಇದೆ. ವೇಬ್ರಿಜ್‌ನದು ಎರಡನೆಯ ಬಗೆ. ಪೈಪ್‌ನಲ್ಲಿ ಹಳೆಯ ತೂಕಗಳು ಸಾಲುಗಟ್ಟಿ ನಿಂತಿರುತ್ತವೆ, ನಮಗೆ ಬೇಕಾದದ್ದು ಈಗ ತೂಗುತ್ತಿರುವ ಲಾರಿ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಆ ಎಣಿಕೆ 32 ಬಿಟ್ ಅಂದ್ರಿ. ಸುತ್ತು ಹೊಡೆದು ಮತ್ತ ಅದೇ ಅಂಕಿಗೆ ಬಂದ್ರ, ಓದೋರಿಗೆ ಬದಲಾಗಿಲ್ಲ ಅಂತ ಅನಸಂಗಿಲ್ಲೇನ್ರಿ?" ಹೌದು, ಅನಿಸುತ್ತದೆ. ಹಲಗೆ ಮೇಲೆ ಲೆಕ್ಕ ಹಾಕಿದೆವು. ಸೆಕೆಂಡಿಗೆ 10 ಸಲ ಬರೆದರೆ ಎಣಿಕೆ 20 ಏರುತ್ತದೆ. 32 ಬಿಟ್ ಸುತ್ತು ಮುಗಿಯಲು ಆರೂವರೆ ವರ್ಷಕ್ಕೂ ಹೆಚ್ಚು ಬೇಕು, ಅಷ್ಟೂ ಹೊತ್ತು ಓದುವ ಪ್ರೋಸೆಸ್ ನಕಲಿನ ನಡುವೆ ನಿದ್ದೆ ಹೋಗಿರಬೇಕು. ವೇಬ್ರಿಜ್‌ಗೆ ಭಯವಿಲ್ಲ. ಸೆಕೆಂಡಿಗೆ ಕೋಟಿ ಸಲ ಬರೆಯುವಲ್ಲಿ ಅದೇ ಸುತ್ತು ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ, ಅಲ್ಲಿ 64 ಬಿಟ್ ಇಡಬೇಕು.

ಕೊನೆಗೆ ಆಕೆಯನ್ನೇ ವೇದಿಕೆಗೆ ಕರೆದೆ. ಎರಡು ಟರ್ಮಿನಲ್ ತೆರೆದು ಒಂದರಲ್ಲಿ ಬರೆಯುವ ಪ್ರೋಗ್ರಾಮ್, ಇನ್ನೊಂದರಲ್ಲಿ ಓದುವುದು ಓಡಿಸಿದೆವು. ಬೆಸ ಮಾಡುವ ಸಾಲಿಗೂ ಸಮ ಮಾಡುವ ಸಾಲಿಗೂ ನಡುವೆ ನಾನು ಬೇಕೆಂದೇ ಐದು ಸೆಕೆಂಡ್ ನಿದ್ದೆ ಇಟ್ಟಿದ್ದೆ. ಆ ನಿದ್ದೆಯಲ್ಲಿ ಆಕೆ ಬರೆಯುವ ಪ್ರೋಗ್ರಾಮ್ ಅನ್ನು ತಕ್ಷಣ ಕೊಲ್ಲುವ ಕಿಲ್ ಮೈನಸ್ ಒಂಬತ್ತು ಆದೇಶ ಹೊಡೆದರು. ಎಣಿಕೆ 417ಕ್ಕೆ ನಿಂತಿತು, ಬೆಸ. ಓದುವ ಪರದೆ ಎರಡು ಸೆಕೆಂಡ್ ಕಾದು, ಹಳೆಯ ತೂಕವನ್ನು ಅಳಿಸಿ, "ತೂಕ ಬರುತ್ತಿಲ್ಲ, ಚೀಟಿ ಕೊಡಬೇಡಿ" ಎಂದು ಕೆಂಪಾಗಿ ತೋರಿಸಿತು. ಬರೆಯುವ ಪ್ರೋಗ್ರಾಮ್ ಅನ್ನು ಮತ್ತೆ ಎಬ್ಬಿಸಿದೆವು. ಅದು ಫೈಲ್ ಬೀಗ ಹಿಡಿಯಿತು, ಹಳೆಯ ತುಂಡಿನಲ್ಲಿ ಬೆಸ ಎಣಿಕೆ ಇರುವುದನ್ನು ನೋಡಿತು, ಇಡೀ ದಾಖಲೆಯನ್ನು ಹೊಸದಾಗಿ ಬರೆದು 418 ಮಾಡಿತು. ಓದುವ ಪರದೆ ಮೇಲೆ ತೂಕವೂ ಗಾಡಿ ನಂಬರೂ ಒಟ್ಟಿಗೆ ಬಂದವು.